ರೋಗಿಯ ಚಿತ್ರ ರೋಗಿಯ ಜೊತೆಗೇ ಬರಲಿ



ಬೆಳಗಿನ ಹೊತ್ತು ಕೆ.ಆರ್. ಮಾರ್ಕೆಟ್ ಬಸ್ ನಿಲ್ದಾಣದಲ್ಲಿ ಇಳಿಯುವವರ ಕೈಯಲ್ಲಿ ಏನೇನಿರುತ್ತದೆ? ತರಕಾರಿ ಚೀಲ, ಹೂವಿನ ಬುಟ್ಟಿ, ಊಟದ ಡಬ್ಬಿ. ಇವುಗಳ ನಡುವೆ ಒಂದು ಅಗಲವಾದ ಕಾಗದದ ಕವರೂ ಇರುತ್ತದೆ. ಅದನ್ನು ಮಡಿಸುವಂತಿಲ್ಲ, ಚೀಲಕ್ಕೆ ತುರುಕುವಂತಿಲ್ಲ. ಎದೆಗೆ ಅವುಚಿಕೊಂಡೇ ಬರಬೇಕು. ಒಳಗಿರುವುದು ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಫಿಲ್ಮುಗಳು. ಕೋಲಾರದಿಂದ, ಮಾಗಡಿಯಿಂದ, ಕನಕಪುರದಿಂದ ಹೊರಟವರು ಅದನ್ನು ಹಿಡಿದು ವಿಕ್ಟೋರಿಯಾ ಆಸ್ಪತ್ರೆಗೆ ಹೋಗುತ್ತಾರೆ. ಪಕ್ಕದ ವಾಣಿವಿಲಾಸಕ್ಕೆ ಹೋಗುತ್ತಾರೆ. ವಿಶ್ವೇಶ್ವರಪುರದ ಕಿಮ್ಸ್, ಶಂಕರಪುರದ ರಂಗದೊರೆ ಆಸ್ಪತ್ರೆ, ಮಲ್ಲೇಶ್ವರದ ಕೆ.ಸಿ. ಜನರಲ್, ಹಳೆಯ ಬೆಂಗಳೂರಿನ ಯಾವ ಆಸ್ಪತ್ರೆಯ ಬಾಗಿಲಲ್ಲಿ ನಿಂತರೂ ಈ ಕವರು ಕಣ್ಣಿಗೆ ಬೀಳುತ್ತದೆ.

ಇವತ್ತು ನಾನು ಮಾತಾಡುವುದು ಆ ಕವರಿನೊಳಗಿನ ಚಿತ್ರದ ಬಗ್ಗೆ. ಚಿತ್ರ ತೆಗೆಯುವುದು ಯಂತ್ರ. ಅದನ್ನು ಕೂಡಿಡುವುದು, ಬೇಕಾದಾಗ ಹುಡುಕಿ ಕೊಡುವುದು, ವೈದ್ಯರ ಕಣ್ಣಿಗೆ ಸರಿಯಾಗಿ ಕಾಣಿಸುವುದು ತಂತ್ರಾಂಶ, ಅಂದರೆ ಸಾಫ್ಟ್‌ವೇರ್. ಇದನ್ನು ಮಾರುವ ಕಂಪನಿಗಳು ಹಲವಾರಿವೆ. ಯಾವುದು ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ತಿಳಿಯುವುದು ಹೇಗೆ? ನನ್ನ ಉತ್ತರ ಒಂದೇ. ರೋಗಿ ಎಲ್ಲಿಗೆ ಹೋದರೂ ಅವರ ಚಿತ್ರ ಅವರ ಜೊತೆಗೆ ಹೋಗಬೇಕು. ಅದಕ್ಕೆ ದಾರಿ ಮಾಡಿಕೊಡುವ ತಂತ್ರಾಂಶ ಒಳ್ಳೆಯದು. ದಾರಿ ಕಟ್ಟುವ ತಂತ್ರಾಂಶ ಎಷ್ಟೇ ಹೆಸರಾಂತ ಕಂಪನಿಯದಾಗಿರಲಿ, ನಮ್ಮ ಆಸ್ಪತ್ರೆಗಳಿಗೆ ಬೇಡ.

ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ಚಾಮರಾಜಪೇಟೆ ಬಡಾವಣೆಯಾದದ್ದು 1892ರಲ್ಲಿ. ಮೂರು ವರ್ಷ ಕಳೆದು, 1895ರ ನವೆಂಬರಿನಲ್ಲಿ, ಜರ್ಮನಿಯ ರಾಂಟ್‌ಜನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಬರಲೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. 1900ರ ಡಿಸೆಂಬರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆರಂಭವಾಯಿತು. ಹೀಗೆ ನಮ್ಮ ಈ ಬಡಾವಣೆಗಳೂ ಎಕ್ಸ್‌ರೇಯೂ ಹೆಚ್ಚುಕಡಿಮೆ ಒಂದೇ ವಯಸ್ಸಿನವು.

ಅಲ್ಲಿಂದ ಮುಂದೆ ನೂರು ವರ್ಷದಷ್ಟು ಕಾಲ ಚಿತ್ರವೆಂದರೆ ಫಿಲ್ಮು. ಕತ್ತಲೆಕೋಣೆ, ಡೆವಲಪರ್ ತೊಟ್ಟಿ, ಫಿಕ್ಸರ್ ತೊಟ್ಟಿ, ಕ್ಲಿಪ್ಪಿಗೆ ಸಿಕ್ಕಿಸಿ ಒಣಗಲು ತೂಗುಹಾಕಿದ ಹಾಳೆಗಳು. ಫಿಲ್ಮಿಗೆ ಒಂದು ದೊಡ್ಡ ಗುಣವಿತ್ತು. ಯಾವ ಊರಿನಲ್ಲಿ ತೆಗೆದದ್ದಾದರೂ, ಯಾವ ಕಂಪನಿಯ ಯಂತ್ರದ್ದಾದರೂ, ಬೆಳಕಿಗೆ ಹಿಡಿದರೆ ಸಾಕಿತ್ತು. ಗಾಂಧಿಬಜಾರಿನ ಡಾಕ್ಟರು ಕಿಟಕಿಯ ಕಡೆ ತಿರುಗಿ ನೋಡಿ ಹೇಳಿಬಿಡುತ್ತಿದ್ದರು. ಪಾಸ್‌ವರ್ಡ್ ಬೇಕಿರಲಿಲ್ಲ. ಫಿಲ್ಮಿಗೆ ದೊಡ್ಡ ದೋಷವೂ ಇತ್ತು. ಇರುವುದು ಒಂದೇ ಪ್ರತಿ. ಕಳೆದರೆ ಕಳೆದೇ ಹೋಯಿತು.

ಚಿತ್ರಕ್ಕೆ ಕಂಪ್ಯೂಟರು ಜೊತೆಯಾದದ್ದು ಸಿ.ಟಿ. ಸ್ಕ್ಯಾನಿನಿಂದ. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಎಂಜಿನಿಯರ್ ಹೌನ್ಸ್‌ಫೀಲ್ಡ್ ಅವರ ಯಂತ್ರ ಮೊದಲ ಸಲ ರೋಗಿಯೊಬ್ಬರ ಮಿದುಳನ್ನು ಪದರ ಪದರವಾಗಿ ತೋರಿಸಿತು. ಆ ಮೊದಲ ಚಿತ್ರಗಳಲ್ಲಿ ಅಡ್ಡಕ್ಕೆ 80 ಚುಕ್ಕೆ, ಉದ್ದಕ್ಕೆ 80 ಚುಕ್ಕೆ. ಇಂದಿನ ಚಿತ್ರದಲ್ಲಿ ಅಡ್ಡಕ್ಕೆ 512, ಉದ್ದಕ್ಕೆ 512. ಒಟ್ಟು ಎರಡೂವರೆ ಲಕ್ಷಕ್ಕೂ ಹೆಚ್ಚು ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಸಂಖ್ಯೆ. ನೀರಿಗೆ ಸೊನ್ನೆ. ಗಾಳಿಗೆ ಮೈನಸ್ ಸಾವಿರ. ಗಟ್ಟಿ ಮೂಳೆಗೆ ಸುಮಾರು ಸಾವಿರ. ಮಿದುಳಿಗೆ 30ರಿಂದ 40. ಆಗಷ್ಟೇ ಒಸರಿದ ರಕ್ತಕ್ಕೆ 60-70ರ ಆಸುಪಾಸು.

ಈ ಕೊನೆಯ ಎರಡು ಸಂಖ್ಯೆಗಳನ್ನು ನೆನಪಿಡಿ. ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟಾದವರ ಜೀವ ಆ 30ರ ಅಂತರವನ್ನು ವೈದ್ಯರು ಗುರುತಿಸುವುದರಲ್ಲಿದೆ. ಸಾವಿರಗಟ್ಟಲೆ ಮಟ್ಟಗಳನ್ನು ನಮ್ಮ ಕಣ್ಣು ಒಮ್ಮೆಲೇ ಬೇರ್ಪಡಿಸಲಾರದು. ಅದಕ್ಕಾಗಿ ರೇಡಿಯಾಲಜಿ ವೈದ್ಯರು ಪರದೆಯ ಮೇಲೆ ಮೌಸನ್ನು ಎಳೆಯುತ್ತಾರೆ. ಕಪ್ಪಿನಿಂದ ಬಿಳುಪಿನವರೆಗಿನ ಎಲ್ಲ ಛಾಯೆಗಳನ್ನೂ 0ಯಿಂದ 80ರ ನಡುವೆ ತಂದು ಕೂರಿಸುತ್ತಾರೆ. ಆಗ ಮೂಳೆ ಪೂರ್ತಿ ಬಿಳಿ, ಗಾಳಿ ಪೂರ್ತಿ ಕಪ್ಪು. ನಡುವೆ ಬೂದು ಬಣ್ಣದ ಮಿದುಳು. ಅದರೊಳಗೆ ರಕ್ತ ಬೆಳ್ಳಗೆ ಎದ್ದು ಕಾಣುತ್ತದೆ. ಮತ್ತೊಮ್ಮೆ ಮೌಸ್ ಎಳೆದರೆ ಮಿದುಳು ಮಸುಕಾಗಿ ತಲೆಬುರುಡೆಯ ಸಣ್ಣ ಬಿರುಕು ಕಾಣುತ್ತದೆ. ಸ್ಕ್ಯಾನ್ ಒಂದೇ. ನೋಡುವ ಬಗೆ ಬೇರೆ.

ಫಿಲ್ಮಿನ ಹಾಳೆಯಲ್ಲಿ ಈ ಸೌಕರ್ಯವಿಲ್ಲ. ಸ್ಕ್ಯಾನಿನಲ್ಲಿ 600 ಪದರ ಇದ್ದರೆ ಒಂದು ಹಾಳೆಗೆ ಇಳಿಯುವುದು ಇಪ್ಪತ್ತೋ ಮೂವತ್ತೋ. ಅದೂ ಯಾರೋ ಆರಿಸಿದ ಪದರಗಳು, ಯಾರೋ ಆರಿಸಿದ ಛಾಯೆಯಲ್ಲಿ. ಆ ಹಾಳೆಯನ್ನು ಮೊಬೈಲಿನಲ್ಲಿ ಕ್ಲಿಕ್ಕಿಸಿ ವಾಟ್ಸಾಪಿನಲ್ಲಿ ಕಳಿಸಿದರೆ ಇನ್ನೂ ನಷ್ಟ. ಸಂಖ್ಯೆಗಳೆಲ್ಲ ಅಳಿಸಿಹೋಗಿ ಬರೀ ನೆರಳು ಉಳಿಯುತ್ತದೆ. ತುರ್ತಿನಲ್ಲಿ ಅದೂ ಆಗಬಹುದು. ಕೊನೆಯ ತೀರ್ಮಾನಕ್ಕೆ ಅದು ಸಾಲದು.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಫಿಲ್ಮು ಎಲ್ಲರ ಕಣ್ಣಿಗೂ ಕಾಣುತ್ತಿತ್ತು, ಆದರೆ ಅದರಲ್ಲಿ ಇದ್ದದ್ದು ಸ್ವಲ್ಪ. ಸಂಖ್ಯೆಯ ಚಿತ್ರದಲ್ಲಿ ಎಲ್ಲವೂ ಇದೆ, ಆದರೆ ತಂತ್ರಾಂಶವಿಲ್ಲದೆ ಏನೂ ಕಾಣದು. ಈಗ ಆ ತಂತ್ರಾಂಶಕ್ಕೆ ಬರೋಣ.

ಆಸ್ಪತ್ರೆಯವರು ಇದನ್ನು ಪ್ಯಾಕ್ಸ್ ಎನ್ನುತ್ತಾರೆ. ಚಿತ್ರಗಳ ಉಗ್ರಾಣ ಮತ್ತು ಸಾಗಾಟ ಎರಡನ್ನೂ ನೋಡಿಕೊಳ್ಳುವ ವ್ಯವಸ್ಥೆ. ಇದರ ಹೊರೆ ಎಷ್ಟು? ಒಂದು ಪದರಕ್ಕೆ ಅರ್ಧ ಎಂಬಿ. ಆರುನೂರು ಪದರಕ್ಕೆ 300 ಎಂಬಿ. ದಿನಕ್ಕೆ 20 ಸಿ.ಟಿ., ನೂರು ಎಕ್ಸ್‌ರೇ ತೆಗೆಯುವ ಆಸ್ಪತ್ರೆ ಎಂದು ಇಟ್ಟುಕೊಳ್ಳಿ. ದಿನಕ್ಕೆ ಏಳೆಂಟು ಜಿಬಿ ಆಯಿತು. ವರ್ಷಕ್ಕೆ ಎರಡೂವರೆ ಸಾವಿರ ಜಿಬಿ. ಇಷ್ಟರಲ್ಲಿ ಒಬ್ಬರ ಒಂದು ಹಳೆಯ ಚಿತ್ರವನ್ನು ಕೆಲವೇ ಕ್ಷಣಗಳಲ್ಲಿ ತಂದುಕೊಡುವುದು ಸಾಮಾನ್ಯ ಕೆಲಸವಲ್ಲ.

ಮೊದಮೊದಲು ಇದರಲ್ಲಿ ಇನ್ನೊಂದು ತೊಡಕೂ ಇತ್ತು. ಒಂದು ಕಂಪನಿಯ ಯಂತ್ರದ ಚಿತ್ರ ಇನ್ನೊಂದು ಕಂಪನಿಯ ಕಂಪ್ಯೂಟರಿನಲ್ಲಿ ತೆರೆಯುತ್ತಿರಲಿಲ್ಲ. 1983ರಲ್ಲಿ ಅಮೆರಿಕದ ರೇಡಿಯಾಲಜಿ ವೈದ್ಯರ ಸಂಘವೂ ವಿದ್ಯುತ್ ಉಪಕರಣ ತಯಾರಕರ ಸಂಘವೂ ಸೇರಿ ಕೂತವು. 1985ರಲ್ಲಿ ಮೊದಲ ಮಾನದಂಡ ಹೊರಬಂತು. 1993ರಲ್ಲಿ ಅದು ಡೈಕಾಮ್ ಎಂಬ ಹೆಸರು ಪಡೆಯಿತು. ಇಂದು ಜಗತ್ತಿನಾದ್ಯಂತ ಸ್ಕ್ಯಾನ್ ಯಂತ್ರಗಳು ಆಡುವುದು ಈ ಒಂದೇ ಭಾಷೆ. ಡೈಕಾಮ್ ಚಿತ್ರದ ಒಳಗೇ ರೋಗಿಯ ಹೆಸರು, ಆಸ್ಪತ್ರೆಯ ನಂಬರು, ತಾರೀಕು, ಯಾವ ಯಂತ್ರ ಎಂಬುದೆಲ್ಲ ಬರೆದಿರುತ್ತದೆ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪರಿಷ್ಕರಿಸಿದ ವೈದ್ಯಕೀಯ ದಾಖಲೆಗಳ ಮಾನದಂಡದಲ್ಲಿಯೂ ಚಿತ್ರಗಳಿಗೆ ಡೈಕಾಮನ್ನೇ ಸೂಚಿಸಿದೆ.

ಹಾಗಾದರೆ ಎಲ್ಲ ತಂತ್ರಾಂಶವೂ ಒಂದೇ ಆಯಿತಲ್ಲ ಎಂದು ನೀವು ಕೇಳಬಹುದು. ಇಲ್ಲ. ಭಾಷೆ ಒಂದೇ ಆದರೂ ನಡತೆ ಬೇರೆ ಬೇರೆ. ಅದನ್ನು ಅಳೆಯಲು ಮೂರು ಮಾತು ಸಾಕು. ಚಿತ್ರ ತೆರೆಯಬೇಕು. ಚಿತ್ರ ಉಳಿಯಬೇಕು. ಕೇಳಿದಾಗ ಚಿತ್ರವನ್ನು ಬಿಟ್ಟುಕೊಡಬೇಕು.

ಮೊದಲನೆಯದು, ತೆರೆಯಬೇಕು. ವೈದ್ಯರ ಕೋಣೆಯಲ್ಲಿ ನೀವು ಈ ಮಾತು ಕೇಳಿಯೇ ಇರುತ್ತೀರಿ. "ಅಮ್ಮಾ, ಹೋದ ವರ್ಷ ಮಾಡಿಸಿದ್ದ ಸ್ಕ್ಯಾನ್ ತಂದಿದ್ದೀರಾ?" "ಅದು ಊರಲ್ಲಿ ಬೀರು ಮೇಲೇ ಉಳಿದುಬಿಡ್ತು ಸಾರ್." ವೈದ್ಯರು ಹಳೆಯದನ್ನು ಸುಮ್ಮನೆ ಕೇಳುವುದಿಲ್ಲ. ಶ್ವಾಸಕೋಶದಲ್ಲಿ ಒಂದು ಸಣ್ಣ ಗಟ್ಟಿ ಗಂಟು ಕಂಡಿದೆ ಎನ್ನೋಣ. ಎರಡು ವರ್ಷದ ಹಿಂದಿನ ಚಿತ್ರದಲ್ಲಿಯೂ ಅದು ಅಷ್ಟೇ ಇದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಬೆಳೆದಿದ್ದರೆ ತಡಮಾಡದೆ ಮುಂದಿನ ಪರೀಕ್ಷೆ ಆಗಬೇಕು. ಹಳೆಯ ಚಿತ್ರ ಸಿಗದಿದ್ದರೆ ಅನುಮಾನವೇ ಗತಿ. ಮತ್ತೆ ಸ್ಕ್ಯಾನ್, ಮತ್ತೆ ವಿಕಿರಣ, ಮತ್ತೆ ದುಡ್ಡು.

ಇಲ್ಲಿ ನಮ್ಮ ನಾಡಿನದೇ ಒಂದು ತೊಡಕು ಇದೆ. ಡೈಕಾಮಿನಲ್ಲಿ ಹೆಸರಿನ ಜಾಗ ಪಾಶ್ಚಾತ್ಯರ ಪದ್ಧತಿಯದು. ಮೊದಲು ಮನೆತನದ ಹೆಸರು, ಆಮೇಲೆ ಕೊಟ್ಟ ಹೆಸರು. ನಮ್ಮಲ್ಲಿ ಬಹಳ ಮಂದಿಗೆ ಮನೆತನದ ಹೆಸರೇ ಬಳಕೆಯಲ್ಲಿಲ್ಲ. ಊರಿನ ಅಕ್ಷರ, ತಂದೆಯ ಅಕ್ಷರ, ಆಮೇಲೆ ಹೆಸರು. ಒಂದೇ ಲಕ್ಷ್ಮಮ್ಮನವರು ಒಂದು ಕಡೆ ಕೆ. ಲಕ್ಷ್ಮಮ್ಮ, ಇನ್ನೊಂದು ಕಡೆ ಲಕ್ಷ್ಮಮ್ಮ ಕೆ., ಮತ್ತೊಂದು ಕಡೆ ಗಂಡನ ಹೆಸರು ಸೇರಿಸಿದ ಲಕ್ಷ್ಮಮ್ಮ. ಇಂಗ್ಲಿಷ್ ಕಾಗುಣಿತವಂತೂ ಕೌಂಟರಿನಲ್ಲಿ ಕೂತವರ ಕೈಯಲ್ಲಿದೆ. ಹೀಗಾಗಿ ಅದೇ ಆಸ್ಪತ್ರೆಯಲ್ಲಿದ್ದ ಹಳೆಯ ಚಿತ್ರವೂ ಹುಡುಕಿದಾಗ ಸಿಗುವುದಿಲ್ಲ. ಒಳ್ಳೆಯ ತಂತ್ರಾಂಶ ಹತ್ತಿರದ ಹೆಸರುಗಳನ್ನೂ ಹುಟ್ಟಿದ ದಿನವನ್ನೂ ಹೋಲಿಸಿ, "ಇವರೇನಾ ನೋಡಿ" ಎಂದು ಎಚ್ಚರಿಸುತ್ತದೆ. 2021ರ ಸೆಪ್ಟೆಂಬರಿನಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಕೊಡುವ 14 ಅಂಕಿಗಳ ಆಭಾ ಸಂಖ್ಯೆ ಈ ಗೊಂದಲ ಬಿಡಿಸಬಲ್ಲದು. ಆದರೆ ಚಿತ್ರದ ಜೊತೆ ಅದನ್ನು ಜೋಡಿಸುವ ಕೆಲಸ ತಂತ್ರಾಂಶದವರು ಮಾಡಬೇಕು.

ಮೊದಲ ಮಾತು ಮುಗಿಯಿತು. ಚಿತ್ರ ತೆರೆಯಬೇಕು, ಹಳೆಯದು ಹೊಸದರ ಪಕ್ಕದಲ್ಲಿ ಬಂದು ನಿಲ್ಲಬೇಕು. ಈಗ ಎರಡನೆಯದು. ಚಿತ್ರ ಉಳಿಯಬೇಕು.

2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳ ಮೇಲೆ ಸೈಬರ್ ದಾಳಿ ನಡೆಯಿತು. ದೇಶದ ಅತಿ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದಾದ ಅದು ಸುಮಾರು ಎರಡು ವಾರ ಕಾಗದ-ಪೆನ್ನಿನ ಮೇಲೆ ನಡೆಯಬೇಕಾಯಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ ಬಸವನಗುಡಿಯ ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮಿನ ಪಾಡೇನು? ಆದ್ದರಿಂದ ಮಾರಲು ಬಂದವರನ್ನು ಮೂರು ಪ್ರಶ್ನೆ ಕೇಳಬೇಕು. ಚಿತ್ರಗಳ ಎರಡನೆಯ ಪ್ರತಿ ಎಲ್ಲಿರುತ್ತದೆ? ಅದೇ ಕಟ್ಟಡದಲ್ಲೋ, ಬೇರೆ ಕಡೆಯೋ? ಆ ಪ್ರತಿಯಿಂದ ಚಿತ್ರವನ್ನು ಮರಳಿ ತೆರೆದು ತೋರಿಸಿದ್ದು ಯಾವತ್ತು? ಪ್ರತಿ ಇದೆ ಎಂದು ಹೇಳುವವರು ಬಹಳ. ತೆರೆದು ತೋರಿಸಿದವರೇ ನಂಬಿಕಸ್ತರು.

ಇದಕ್ಕೆ ಸೇರಿದ ಇನ್ನೊಂದು ಮಾತು ರಿಪೇರಿಯದು. ರಾತ್ರಿ ಎರಡು ಗಂಟೆಗೆ ಅಪಘಾತದ ರೋಗಿ ಬಂದಿದ್ದಾರೆ. ಪರದೆಯಲ್ಲಿ ಚಿತ್ರ ಬರುತ್ತಿಲ್ಲ. ಫೋನ್ ಮಾಡಿದರೆ ಆ ಕಡೆ ಎತ್ತುವವರು ಯಾರು? ಕಂಪನಿಯ ನಿಜವಾದ ಯೋಗ್ಯತೆ ಗೊತ್ತಾಗುವುದು ಇಲ್ಲಿ. ಅಮೆರಿಕದಲ್ಲಿ ಕ್ಲಾಸ್ ರಿಸರ್ಚ್ ಎಂಬ ಸಂಸ್ಥೆ 1996ರಿಂದ ಈ ಯೋಗ್ಯತೆ ಅಳೆಯುವ ಕೆಲಸ ಮಾಡುತ್ತಿದೆ. ಅದು ಮಾರುವವರ ಮಾತು ಕೇಳುವುದಿಲ್ಲ, ಬಳಸುವ ಆಸ್ಪತ್ರೆಗಳನ್ನು ಕೇಳಿ ಅಂಕ ಕೊಡುತ್ತದೆ. ಅಲ್ಲಿನ ದೊಡ್ಡ ಆಸ್ಪತ್ರೆಗಳ ತಂತ್ರಾಂಶಗಳ ಪಟ್ಟಿಯಲ್ಲಿ ಹಲವು ವರ್ಷ ಸತತವಾಗಿ ಮೇಲೆ ನಿಂತದ್ದು ಸ್ವೀಡನ್ನಿನ ಸೆಕ್ಟ್ರಾ. ಸಿ.ಟಿ., ಎಂ.ಆರ್.ಐ. ಯಂತ್ರ ಮಾರುವ ದೈತ್ಯ ಕಂಪನಿಗಳಲ್ಲಿ ಅದು ಸೇರಿಲ್ಲ. ಯಂತ್ರದ ಜೊತೆಗೆ ಬಂತು ಎಂದು ತಂತ್ರಾಂಶವನ್ನೂ ಕಣ್ಣುಮುಚ್ಚಿ ತೆಗೆದುಕೊಳ್ಳುವ ನಮ್ಮ ಆಡಳಿತ ಮಂಡಳಿಗಳು ಇದನ್ನು ಗಮನಿಸಬೇಕು.

ಇಲ್ಲಿಗೆ ಎರಡು ಮಾತಾದವು. ತೆರೆಯಬೇಕು, ಉಳಿಯಬೇಕು. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಬಿಟ್ಟುಕೊಡಬೇಕು.

ಫಿಲ್ಮಿಗೆ ಹೆಸರಾದ ಕೊಡಾಕ್ ಕಂಪನಿಯ ಕಥೆ ಕೇಳಿ. 2007ರಲ್ಲಿ ಕೊಡಾಕ್ ತನ್ನ ವೈದ್ಯಕೀಯ ವಿಭಾಗವನ್ನು ಮಾರಿತು. ಅದು ಕೇರ್‌ಸ್ಟ್ರೀಮ್ ಎಂಬ ಹೊಸ ಕಂಪನಿಯಾಯಿತು. 2019ರಲ್ಲಿ ಕೇರ್‌ಸ್ಟ್ರೀಮ್ ತನ್ನ ಚಿತ್ರ-ತಂತ್ರಾಂಶದ ವ್ಯವಹಾರವನ್ನು ಫಿಲಿಪ್ಸಿಗೆ ಮಾರಿತು. ಹನ್ನೆರಡು ವರ್ಷದಲ್ಲಿ ಮೂವರು ಒಡೆಯರು. ಇದರಲ್ಲಿ ಯಾರದ್ದೂ ತಪ್ಪಿಲ್ಲ. ಈ ವ್ಯಾಪಾರ ಇರುವುದೇ ಹೀಗೆ. ಕಂಪನಿಗಳು ಕೂಡುತ್ತವೆ, ಒಡೆಯುತ್ತವೆ, ಹೆಸರು ಬದಲಿಸುತ್ತವೆ. ಆದರೆ ಮಲ್ಲೇಶ್ವರದ ಅಜ್ಜಿಯ ಮೊಣಕಾಲಿನ ಚಿತ್ರ ಅಲ್ಲೇ ಇರಬೇಕು, ಕೇಳಿದಾಗ ಸಿಗಬೇಕು.

ಬಾಡಿಗೆ ಮನೆಯ ಮಾಲೀಕರ ಗುಣ ಗೊತ್ತಾಗುವುದು ಮನೆ ಖಾಲಿ ಮಾಡಿ ಅಡ್ವಾನ್ಸ್ ವಾಪಸ್ ಕೇಳಿದ ದಿನ. ತಂತ್ರಾಂಶ ಮಾರುವವರದ್ದೂ ಹಾಗೆಯೇ. ಕೊಳ್ಳುವ ದಿನ ಎಲ್ಲರೂ ನಗುಮುಖದವರು. ಐದಾರು ವರ್ಷದ ನಂತರ ಆಸ್ಪತ್ರೆ ಬೇರೆ ಕಂಪನಿಗೆ ಹೋಗುತ್ತೇನೆ ಎಂದಾಗ ಕೆಲವರು ಹಳೆಯ ಚಿತ್ರ ಕೊಡಲು ಬೇರೆ ಬಿಲ್ ಹಾಕುತ್ತಾರೆ. ಕೆಲವರು ಚಿತ್ರ ಕೊಟ್ಟು, ವೈದ್ಯರು ಅದರ ಮೇಲೆ ಮಾಡಿದ ಗುರುತು-ಟಿಪ್ಪಣಿಗಳನ್ನು ತಮ್ಮಲ್ಲೇ ಉಳಿಸಿಕೊಳ್ಳುತ್ತಾರೆ. ಆದ್ದರಿಂದ ಬಿಟ್ಟುಹೋಗುವ ಷರತ್ತನ್ನು ಸೇರುವ ದಿನವೇ ಬರೆಸಿಕೊಳ್ಳಬೇಕು. ಎಲ್ಲ ಚಿತ್ರ, ಎಲ್ಲ ಟಿಪ್ಪಣಿ, ಡೈಕಾಮ್ ರೂಪದಲ್ಲಿ, ಇಷ್ಟು ದಿನದೊಳಗೆ, ಇಂತಿಷ್ಟೇ ಖರ್ಚಿನಲ್ಲಿ ಎಂದು ಕರಾರಿನಲ್ಲಿ ಇರಬೇಕು.

ದೊಡ್ಡ ಖರ್ಚು ಆಗದವರಿಗೂ ದಾರಿಯಿದೆ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯದ ಆಸ್ಪತ್ರೆಯಿಂದ 2012ರಲ್ಲಿ ಹೊರಬಂದ ಆರ್ಥ್ಯಾಂಕ್ ಎಂಬ ಮುಕ್ತ ತಂತ್ರಾಂಶ ಡೈಕಾಮ್ ಚಿತ್ರಗಳನ್ನು ಕೂಡಿಟ್ಟು ಬೇರೆಡೆಗೆ ಕಳಿಸಬಲ್ಲದು. ಅದಕ್ಕೆ ಲೈಸೆನ್ಸ್ ಹಣವಿಲ್ಲ. ತಿಳಿದ ಒಬ್ಬ ತಂತ್ರಜ್ಞರು ಜೊತೆಗಿದ್ದರೆ ಸಣ್ಣ ಆಸ್ಪತ್ರೆಯೂ ತನ್ನ ಚಿತ್ರಗಳಿಗೆ ತಾನೇ ಒಡೆಯನಾಗಿರಬಹುದು.

ಮೂರೂ ಮಾತು ಹೇಳಿಯಾಯಿತು. ಈಗ ಹೊಸ ಗಾಳಿ ಯಾವ ಕಡೆ ಬೀಸುತ್ತಿದೆ, ಅದಕ್ಕೂ ಈ ಮೂರು ಅಳತೆ ಸಲ್ಲುತ್ತದೆಯೇ ನೋಡೋಣ.

ಮೊದಲನೆಯದು ದೂರದಿಂದ ಓದುವುದು, ಟೆಲಿರೇಡಿಯಾಲಜಿ. ಇದರಲ್ಲಿ ನಮ್ಮ ಬೆಂಗಳೂರು ಮುಂಚೂಣಿಯಲ್ಲಿತ್ತು. 2002ರಲ್ಲಿ ವೈದ್ಯ ದಂಪತಿ ಅರ್ಜುನ್ ಕಲ್ಯಾಣಪುರ ಮತ್ತು ಸುನೀತಾ ಮಹೇಶ್ವರಿ ಇಲ್ಲಿ ಟೆಲಿರೇಡಿಯಾಲಜಿ ಸಲ್ಯೂಷನ್ಸ್ ಆರಂಭಿಸಿದರು. ಅಮೆರಿಕದಲ್ಲಿ ನಡುರಾತ್ರಿ ತೆಗೆದ ಸ್ಕ್ಯಾನನ್ನು ಇಲ್ಲಿನ ಹಗಲಿನಲ್ಲಿ ಓದಿ ವರದಿ ಕಳಿಸಿದರು. ಅದೇ 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಬೆಂಗಳೂರಿನ ನಾರಾಯಣ ಹೃದಯಾಲಯದ ವೈದ್ಯರ ಜೊತೆ ಕೂಡಿಕೊಂಡಿತು. ನಮ್ಮ ದೇಶದಲ್ಲಿ ಲಕ್ಷ ಜನರಿಗೆ ಸುಮಾರು ಒಬ್ಬರೇ ರೇಡಿಯಾಲಜಿ ವೈದ್ಯರು ಎಂಬ ಅಂದಾಜಿದೆ. ಅವರಲ್ಲಿ ಹೆಚ್ಚಿನವರು ಪಟ್ಟಣದವರು. ಆದ್ದರಿಂದ ಈ ದಾರಿ ನಮಗೆ ಅನಿವಾರ್ಯ.

ಎರಡನೆಯದು ಕ್ಲೌಡ್. ಆಸ್ಪತ್ರೆಯೊಳಗೆ ಸರ್ವರ್ ಇಡದೆ, ಚಿತ್ರಗಳನ್ನು ದೂರದ ದತ್ತಾಂಶ ಕೇಂದ್ರದಲ್ಲಿ ಇಟ್ಟು ಬಳಸಿದಷ್ಟಕ್ಕೆ ಹಣ ಕಟ್ಟುವುದು. ಸಣ್ಣವರಿಗೆ ಅನುಕೂಲ. ಆದರೆ ಇಂಟರ್ನೆಟ್ ಕಡಿದಾಗ ತೆರೆಯುತ್ತದೆಯೇ? ಹಣ ಕಟ್ಟುವುದು ನಿಲ್ಲಿಸಿದರೆ ಚಿತ್ರ ವಾಪಸ್ ಬರುತ್ತದೆಯೇ? ಅದೇ ಮೂರು ಅಳತೆ.

ಮೂರನೆಯದು ಕೃತಕ ಬುದ್ಧಿಮತ್ತೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, 15 ವರ್ಷ ಮೇಲ್ಪಟ್ಟವರ ಎದೆಯ ಎಕ್ಸ್‌ರೇಯಲ್ಲಿ ಕ್ಷಯದ ಲಕ್ಷಣ ಹುಡುಕಲು ಕಂಪ್ಯೂಟರ್ ತಂತ್ರಾಂಶ ಬಳಸಬಹುದೆಂದು ಶಿಫಾರಸು ಮಾಡಿತು. ವೈದ್ಯರಿಲ್ಲದ ಕಡೆ ಇದು ದೊಡ್ಡ ಆಸರೆ. ಹಾಗೆಂದು ತಂತ್ರಾಂಶದ ಮಾತೇ ಕೊನೆಯ ಮಾತಲ್ಲ. ಅದು ಬೊಟ್ಟು ಮಾಡಿದ್ದನ್ನು ವೈದ್ಯರು ನೋಡಬೇಕು, ಕಫ ಪರೀಕ್ಷೆಯಾಗಬೇಕು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ರೋಗ ಪತ್ತೆಗೆಂದು ಮಾಡಿದ ತಂತ್ರಾಂಶವೂ ವೈದ್ಯಕೀಯ ಸಾಧನವಾಗಿ ಕಾನೂನಿನ ಅಡಿ ಬರುತ್ತದೆ. ಯಾವ ಪರವಾನಗಿ ಇದೆ ಎಂದು ಆಸ್ಪತ್ರೆ ಕೇಳಬಹುದು, ಕೇಳಲೇಬೇಕು.

ಕೇಳುಗರೇ, ನೀವು ಏನು ಮಾಡಬಹುದು? ಸ್ಕ್ಯಾನ್ ಮಾಡಿಸಿದಾಗ ಫಿಲ್ಮು ಮತ್ತು ವರದಿಗೆ ತೃಪ್ತರಾಗಬೇಡಿ. "ಪೂರ್ತಿ ಚಿತ್ರ ಡೈಕಾಮಿನಲ್ಲಿ ಕೊಡಿ" ಎಂದು ಕೇಳಿ. ಸಿಡಿ ಕೊಟ್ಟರೆ ಅದನ್ನು ಪೆನ್‌ಡ್ರೈವಿಗೂ ಹಾಕಿಸಿಕೊಳ್ಳಿ. ಇಂದಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ, ವೈದ್ಯರ ಮೇಜಿನ ಮೇಲೆ ಸಿಡಿ ಹಾಗೇ ಉಳಿಯುತ್ತದೆ. ಎಲ್ಲ ಕಡೆಯೂ ಹೆಸರು, ಇನಿಷಿಯಲ್, ಹುಟ್ಟಿದ ದಿನ ಒಂದೇ ರೀತಿ ಬರೆಸಿ. 2002ರ ವೈದ್ಯಕೀಯ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ರೋಗಿ ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕು. ಕೇಳುವುದಕ್ಕೆ ಸಂಕೋಚ ಬೇಡ.

ಕೊನೆಯದಾಗಿ ನಮ್ಮ ಊರಿನ ಎಂಜಿನಿಯರುಗಳಿಗೆ ಮತ್ತು ಆಸ್ಪತ್ರೆ ನಡೆಸುವವರಿಗೆ ಒಂದು ಮಾತು. ಫಿಲಿಪ್ಸ್ 1996ರಿಂದ ಬೆಂಗಳೂರಿನಲ್ಲಿ ತಂತ್ರಾಂಶ ಬರೆಸುತ್ತಿದೆ. ಜಿಇ 2000ದಲ್ಲಿ ವೈಟ್‌ಫೀಲ್ಡಿನಲ್ಲಿ ದೊಡ್ಡ ಸಂಶೋಧನಾ ಕೇಂದ್ರ ತೆರೆಯಿತು. ಸೀಮೆನ್ಸ್ ಕೂಡ ಇಲ್ಲಿದೆ. ಜಗತ್ತಿನ ಆಸ್ಪತ್ರೆಗಳು ಬಳಸುವ ಚಿತ್ರ-ತಂತ್ರಾಂಶದ ಸಾಕಷ್ಟು ಕೆಲಸ ಈ ಊರಿನಲ್ಲಿ ನಡೆಯುತ್ತದೆ. ಚಿತ್ರ ಸಮುದ್ರ ದಾಟುವುದನ್ನು ಸಾಧಿಸಿದ ಊರಿಗೆ, ಚಾಮರಾಜಪೇಟೆಯಲ್ಲಿ ತೆಗೆದ ಸ್ಕ್ಯಾನು ಮಲ್ಲೇಶ್ವರದಲ್ಲಿ ತೆರೆಯುವಂತೆ ಮಾಡುವುದು ಕಷ್ಟವಲ್ಲ. ಅದಕ್ಕೆ ಬೇಕಾದ ಮಾನದಂಡ 1993ರಿಂದಲೂ ಇದೆ. ಮುಂದಿನ ಸಲ ಟೆಂಡರ್ ಕರೆಯುವಾಗ ಮೊದಲ ಪುಟದಲ್ಲೇ ಬರೆಯಿರಿ. ಚಿತ್ರ ರೋಗಿಯದು, ಕೇಳಿದ ಕೂಡಲೇ, ಕೇಳಿದ ಕಡೆಗೆ ಹೋಗಬೇಕು. ಈ ಒಂದು ಷರತ್ತಿಗೆ ಒಪ್ಪುವವರ ಜೊತೆ ಮಾತ್ರ ವ್ಯವಹಾರ ಮಾಡಿ.